ಅರ್ಧಕ್ಕೇ ನಿಲ್ಲುವ ಪದಬಂಧ

ಪ್ರಶ್ನೆ: ನಾವು ಬೆಳಗಾವಿಯ ಟಿಳಕವಾಡಿಯವರು. ನಮ್ಮ ಮಾವನವರಿಗೆ 78 ವರ್ಷ. ದಿನಾ ಬೆಳಿಗ್ಗೆ ಚಹಾ ಆರುವುದರೊಳಗೆ ಪೇಪರಿನ ಪದಬಂಧ ಮುಗಿಸುತ್ತಿದ್ದರು. ಈಗ ಕಣ್ಣು ಮಂಜಾಗಿದೆ, ಸಣ್ಣ ಅಕ್ಷರ ಕಾಣುವುದಿಲ್ಲ. ನಾನು ಓದಿ ಹೇಳಿ ಬರೆಯಬೇಕು. ಆದರೆ ನಾನು ಕಲಿತದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಅರ್ಧ ತುಂಬುವಷ್ಟರಲ್ಲಿ ನಿಂತುಬಿಡುತ್ತದೆ. ಮನೆಯ ಲೆಕ್ಕಕ್ಕೆ ಸರಿಹೋದ ಪದ ಕೆಳಗಿನ ಪದಕ್ಕೆ ಹೊಂದುವುದೇ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಮೊಬೈಲಿನಲ್ಲಿ ಹುಡುಕಿದರೆ ಮಾವನವರು ಮೋಸ ಅನ್ನುತ್ತಾರೆ. ಅದು ಮೋಸವೇ?

ಉತ್ತರ: ತಂಗಿ, ಮೊದಲು ನಿಮ್ಮ ಮಾವನವರಿಗೆ ಬಾಗಲಕೋಟೆಯಿಂದ ನನ್ನ ಶರಣು ತಿಳಿಸಿರಿ. ಚಹಾ ಆರುವುದರೊಳಗೆ ಪದಬಂಧ ಮುಗಿಸುವವರು ಈಗ ಅಪರೂಪ. ನಾನು 30 ವರ್ಷದಿಂದ ಬಿಡಿಸುತ್ತಿದ್ದೇನೆ. ನಡುವೆ ಕೆಲವು ವರ್ಷ ಇಲ್ಲಿನ ಒಂದು ವಾರಪತ್ರಿಕೆಗೆ ಪದಬಂಧ ಕಟ್ಟಿಯೂ ಕೊಟ್ಟಿದ್ದೇನೆ. ಆದರೂ ನನ್ನ ಚಹಾ ದಿನಾ ಆರುತ್ತದೆ.

ನಿಮ್ಮ ತೊಡಕು ಎಲ್ಲಿದೆ ಅಂತ ನಿಮ್ಮ ಒಂದೇ ಸಾಲಿನಲ್ಲಿ ಗೊತ್ತಾಯಿತು. ಮನೆಯ ಲೆಕ್ಕಕ್ಕೆ ಸರಿಹೋದ ಪದ ಕೆಳಗಿನದಕ್ಕೆ ಹೊಂದುವುದಿಲ್ಲ ಅಂದಿರಿ. ಅಂದರೆ ನೀವು ಮನೆ ಎಣಿಸಿಕೊಂಡು ಪದ ಹುಡುಕುತ್ತಿದ್ದೀರಿ. ಕನ್ನಡದ ಪದಬಂಧದಲ್ಲಿ ಎಣಿಕೆಗಿಂತ ದೊಡ್ಡ ಸುಳಿವು ಬೇರೆ ಇದೆ. ಎರಡು ಪದ ಕೂಡುವ ಮನೆಯಲ್ಲಿ ಕೂತಿರುವ ಅಕ್ಷರ. ಆ ಒಂದು ಅಕ್ಷರವೇ ಅರ್ಧ ಉತ್ತರ ಹೇಳಿಬಿಡುತ್ತದೆ.

ಯಾಕೆ ಅಂತ ಹೇಳುತ್ತೇನೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರ ಮೊದಲ ಪದಬಂಧ ಬಂತು. ವಜ್ರದ ಆಕಾರದಲ್ಲಿತ್ತು. ಅಂದಿನಿಂದಲೂ ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲೆಟರ್. ಆ ಮನೆಯಲ್ಲಿ 26ರಲ್ಲಿ ಯಾವುದೋ ಒಂದು ಕೂರುತ್ತದೆ, ಅಷ್ಟೇ. ನಮ್ಮಲ್ಲಿ ಹಾಗಲ್ಲ. ಒಂದು ಮನೆಗೆ ಒಂದು ಇಡೀ ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಸಮೇತ. ಕೃಷ್ಣಾ ನದಿಯನ್ನು ಇಂಗ್ಲಿಷಿನಲ್ಲಿ ಬರೆಯಲು 7 ಮನೆ ಬೇಕು. ಕನ್ನಡದಲ್ಲಿ 2 ಸಾಕು, ಕೃ ಮತ್ತು ಷ್ಣಾ. ಈಗ ಯೋಚಿಸಿ. ಮೇಲಿನಿಂದ ಬಂದ ಪದ ನಿಮಗೆ 'ಷ್ಣಾ' ಅನ್ನುವ ಅಕ್ಷರ ಕೊಟ್ಟಿತು ಅಂತಿಟ್ಟುಕೊಳ್ಳಿ. ಕನ್ನಡದಲ್ಲಿ ಷ್ಣಾ ಇರುವ ಪದಗಳು ಎಷ್ಟಿವೆ? ಬೆರಳಲ್ಲಿ ಎಣಿಸಬಹುದು. ಮನೆ ಎಣಿಸುವ ಕೆಲಸಕ್ಕೆ ಅಷ್ಟು ಬಲ ಇಲ್ಲ. ಮೂರಕ್ಷರದ ಪದಗಳು ಸಾವಿರಾರು ಸಿಗುತ್ತವೆ.

ಎಣಿಸುವಾಗ ತಪ್ಪಬಾರದ ಕೆಲವು ಮಾತುಗಳಿವೆ. ಸೂರ್ಯ ಎರಡೇ ಮನೆ, ಅರ್ಕಾವತ್ತಿಗೆ ಬೇರೆ ಮನೆ ಇಲ್ಲ. ಕರ್ನಾಟಕ ನಾಲ್ಕು. ಸಂಗಮ ಮೂರು, ಸೊನ್ನೆ ಸಕಾರದ ಜೊತೆಗೇ ಇರುತ್ತದೆ. ವಿದ್ಯುತ್ ಮೂರು, ಕೊನೆಯ ತ್ ಒಂದು ಮನೆ ಹಿಡಿಯುತ್ತದೆ. ಇಂಗ್ಲಿಷ್ ಮೀಡಿಯಮ್ಮಿನವರು ಹೆಚ್ಚಾಗಿ ಸೊನ್ನೆಯಲ್ಲಿ ಎಡವುತ್ತಾರೆ.

ಇನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದು. ಒಂದನೇ ನಂಬರಿನಿಂದ ಮಾತ್ರ ಬೇಡ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಎಲ್ಲ ಸುಳಿವುಗಳನ್ನೂ ಒಂದು ಸಲ ಮೇಲೆ ಮೇಲೆ ಓದಿ. ಒಂದು ಸುಳಿವಿಗೆ ಐದು ಸೆಕೆಂಡಿಗಿಂತ ಜಾಸ್ತಿ ಬೇಡ. ಎರಡನೇ ಮಾತಿಲ್ಲ ಅನ್ನುವಂಥ ಉತ್ತರ ಇದ್ದರೆ ಮಾತ್ರ ಬರೆಯಿರಿ. ಅದೂ ಪೆನ್ಸಿಲಿನಲ್ಲಿ. ಊರಿನ ಹೆಸರು, ಪುರಾಣದ ಹೆಸರು, ಗಾದೆಯ ಖಾಲಿ ಜಾಗ ಇವು ಮೊದಲು ಬಲೆಗೆ ಬೀಳುವ ಮೀನುಗಳು. 'ಮಾತು ಬೆಳ್ಳಿ, ಮೌನ ___ (3)' ಅಂತ ಇದ್ದರೆ ಚಿನ್ನ ಅಲ್ಲ, ಬಂಗಾರ. ಇಲ್ಲಿ ಮಾತ್ರ ಎಣಿಕೆ ಉಪಯೋಗಕ್ಕೆ ಬಂತು ನೋಡಿ.

ಈಗ ಒಂದು ಮೂಲೆಯನ್ನು ಕೂಡಿ ಬಿಡಿಸೋಣ. ನಿಮಗಾಗಿಯೇ ನಿನ್ನೆ ರಾತ್ರಿ ಕಟ್ಟಿದ್ದು. ಅಗಲ 4 ಮನೆ, ಎತ್ತರ 5 ಮನೆ. ಸುಳಿವುಗಳು ಹೀಗಿವೆ.

ಎಡದಿಂದ ಬಲಕ್ಕೆ: 1. ಮೋಡ (3). 3. ಬ್ರಹ್ಮನೂ ಹೌದು, ಭೀಷ್ಮನೂ ಹೌದು (4). 5. ನೋವಿನ ಜೊತೆಗಾರ (3).

ಮೇಲಿನಿಂದ ಕೆಳಕ್ಕೆ: 1. ಬಾದಾಮಿಯ ಹಳೆಯ ಹೆಸರು (3). 2. ಹತ್ತನೆಯದು (3). 4. ಜೋಳ ತುಂಬಿಡುವ ನೆಲದ ಗುಂಡಿ (3).

ಒಂದನೇ ಮನೆಯಿಂದ ಎರಡು ಪದ ಹೊರಡುತ್ತವೆ, ಬಲಕ್ಕೊಂದು, ಕೆಳಕ್ಕೊಂದು. ಎರಡನೇ ನಂಬರು ಮೊದಲ ಸಾಲಿನ ಮೂರನೇ ಮನೆಯಲ್ಲಿದೆ. ಮೂರನೇ ನಂಬರು ಮೂರನೇ ಸಾಲಿನ ಮೊದಲ ಮನೆಯಲ್ಲಿದೆ. ಅದೇ ಸಾಲಿನ ಕೊನೆಯ ಮನೆಯಿಂದ ನಾಲ್ಕನೇ ನಂಬರು ಕೆಳಗೆ ಇಳಿಯುತ್ತದೆ. ಐದನೆಯದು ಕೊನೆಯ ಸಾಲು, ಮೊದಲ ಮನೆ ಕಪ್ಪು.

'ಮೋಡ' ಅಂದ ತಕ್ಷಣ ನಿಮಗೆ ಮುಗಿಲು ಹೊಳೆದಿರುತ್ತದೆ. ಮೂರಕ್ಷರ, ಲೆಕ್ಕ ಸರಿ. ಬರೆದುಬಿಡುತ್ತೀರಿ, ಅಲ್ವಾ? ಬರೆಯಬೇಡಿ. ಮೋಡಕ್ಕೆ ಮೂರಕ್ಷರದ ಹೆಸರು ಇನ್ನೂ ಇವೆ. ಜಲದ, ನೀರದ, ವಾರಿದ, ಅಂಬುದ, ತೋಯದ. ಯಾವುದು ಅಂತ ಈಗಲೇ ಹೇಳಲಾಗದು. ಆದರೆ ಒಂದು ವಿಷಯ ನೋಡಿ. ಮುಗಿಲು ಒಂದನ್ನು ಬಿಟ್ಟರೆ ಉಳಿದೆಲ್ಲ 'ದ'ದಲ್ಲಿ ಮುಗಿಯುತ್ತವೆ. ಹಾಗಾದರೆ ಮೂರನೇ ಮನೆಯ ಮೂಲೆಯಲ್ಲಿ ಸಣ್ಣದಾಗಿ ದ ಅಂತ ಗುರುತು ಹಾಕಿ. ಪೂರ್ತಿ ಪದ ಗೊತ್ತಿಲ್ಲದೆಯೂ ಒಂದು ಅಕ್ಷರ ಸಿಕ್ಕಿತು.

ಕೆಳಕ್ಕೆ ಇಳಿಯುವ ಒಂದನೆಯದು ನಮ್ಮ ಜಿಲ್ಲೆಯವರಿಗೆ ಪುಕ್ಕಟೆ ಸಿಕ್ಕಂತೆ. ಚಾಲುಕ್ಯರ ಬಾದಾಮಿ ಅಂದರೆ ವಾತಾಪಿ. ಇದನ್ನು ಗಟ್ಟಿಯಾಗಿ ಬರೆಯಿರಿ. ವಾ ತಾ ಪಿ. ಈಗ ಒಂದನೇ ಮನೆಯಲ್ಲಿ ವಾ ಕೂತಿತು. ಮೋಡಗಳ ಪಟ್ಟಿಗೆ ವಾಪಸ್ ಹೋಗಿ. ವಾ ಇಂದ ಶುರುವಾಗುವ ಮೋಡ ಒಂದೇ, ವಾರಿದ. ಮುಗಿಲು ಹೋಯಿತು, ಜಲದ ಹೋಯಿತು, ಎಲ್ಲ ಹೋದವು. ಒಂದು ಅಕ್ಷರ ಆರು ಪದಗಳಲ್ಲಿ ಐದನ್ನು ಹೊರಗೆ ಹಾಕಿತು.

ಹತ್ತನೆಯದು ಅಂದರೆ? ದ ಈಗ ಖಾತ್ರಿ. ದಶಮಿ ಅಂತ ಕೈ ಓಡುತ್ತದೆ. ವಿಜಯದಶಮಿ ಬಾಯಲ್ಲಿ ಇದೆಯಲ್ಲ. ಮೂರಕ್ಷರ, ದ ಇಂದಲೇ ಶುರು, ಎಲ್ಲ ಸರಿ. ಸ್ವಲ್ಪ ತಡೆಯಿರಿ. ಮೊದಲು ಎಡದಿಂದ ಬಲಕ್ಕೆ 3 ನೋಡಿ. ವಾತಾಪಿಯ ಪಿ ಅಲ್ಲಿ ಮೊದಲ ಅಕ್ಷರವಾಗಿ ಕೂತಿದೆ. ಬ್ರಹ್ಮನೂ ಭೀಷ್ಮನೂ ಆಗಿರುವ ನಾಲ್ಕಕ್ಷರ ಪಿತಾಮಹ. ಪಿ, ತಾ, ಮ, ಹ. ಮೂರನೇ ಮನೆ 'ಮ'. ಮಿ ಅಲ್ಲ. ಹಾಗಾಗಿ ಹತ್ತನೆಯದು ದಶಮ. ನೀವು ದಶಮಿ ಬರೆದಿದ್ದರೆ 'ಮಿ' ನಡುವೆ ಇರುವ ಪಿತಾಮಹನನ್ನು ಹುಡುಕುತ್ತಾ ಮಧ್ಯಾಹ್ನ ಆಗುತ್ತಿತ್ತು. 'ಲೆಕ್ಕಕ್ಕೆ ಸರಿ, ಕೆಳಗಿನದಕ್ಕೆ ಹೊಂದುವುದಿಲ್ಲ' ಅಂತ ನೀವು ಬರೆದದ್ದು ಇದೇ ಜಾತಿಯದು. ಅಕ್ಷರ ಒಂದೇ, ಗುಣಿತ ಬೇರೆ.

ಪಿತಾಮಹನ ಹ ಕೆಳಗೆ ಇಳಿಯುತ್ತದೆ. ಜೋಳ ತುಂಬಿಡುವ ನೆಲದ ಗುಂಡಿ. ಇದನ್ನು ನೀವು ಟಿಳಕವಾಡಿಯಲ್ಲಿ ನೋಡಿರಲಿಕ್ಕಿಲ್ಲ. ಮಾವನವರನ್ನು ಕೇಳಿ. ಹಳ್ಳಿಯಲ್ಲಿ ಬೆಳೆದವರಾದರೆ ಅರ್ಧ ಸುಳಿವಿಗೇ ಹೇಳಿಬಿಡುತ್ತಾರೆ, ಹಗೇವು ಅಂತ. ಅದರೊಳಗೆ ಇಳಿದ ಕಥೆಯೂ ಒಂದು ಬರಬಹುದು, ಆಗ ಪದಬಂಧ ಪಕ್ಕಕ್ಕಿಟ್ಟು ಕೇಳಿ. ಕೆಲವರು ಹಗೆವು ಅಂತ ಬರೆಯುತ್ತಾರೆ. ನಡುವಿನ ಮನೆಯ ಮೇಲೆ ಅಡ್ಡಪದ ಇಲ್ಲ, ಹಾಗಾಗಿ ನಮ್ಮ ಮೂಲೆಯಲ್ಲಿ ಅದರಿಂದ ತೊಂದರೆ ಇಲ್ಲ. ಅಡ್ಡಪದ ಇಲ್ಲದ ಮನೆಯಲ್ಲಿ ಸಂಶಯ ಉಳಿದರೆ ಉಳಿಯಲಿ, ಮುಂದೆ ಹೋಗಿ. ಕೂಡುವ ಮನೆಯಲ್ಲಿ ಸಂಶಯ ಇಟ್ಟುಕೊಂಡು ಮಾತ್ರ ಹೋಗಬೇಡಿ.

ಕೊನೆಯದಕ್ಕೆ ವು ಸಿಕ್ಕಿದೆ. ನೋವಿನ ಜೊತೆಗಾರ, ವು ಕೊನೆಗೆ. ನೋವು ನಲಿವು ಅಂತ ಜೋಡಿ ಹೇಳುತ್ತೇವಲ್ಲ. ನಲಿವು. ಮೂಲೆ ಮುಗಿಯಿತು.

ವಾ ರಿ ದ ■
ತಾ ■ ಶ ■
ಪಿ ತಾ ಮ ಹ
■ ■ ■ ಗೇ
■ ನ ಲಿ ವು

ಇದರಲ್ಲಿ ನಮಗೆ ನೇರವಾಗಿ ಗೊತ್ತಿದ್ದದ್ದು ವಾತಾಪಿ ಒಂದೇ. ಉಳಿದ ಐದೂ ಅದರ ಬಾಲ ಹಿಡಿದು ಬಂದವು. ಒಂದು ಗಟ್ಟಿ ಪದ ಸಿಕ್ಕರೆ ಅದಕ್ಕೆ ತಾಗಿದ ಪದಗಳಿಗೇ ಹೋಗಿ. ಇನ್ನೊಂದು ಮೂಲೆಗೆ ಹಾರಬೇಡಿ. ಬೇಲಿ ಹಾಕುವವರು ಒಂದು ಗೂಟದಿಂದ ಮುಂದಿನ ಗೂಟಕ್ಕೆ ಹೋಗುವುದಿಲ್ಲವೇ, ಹಾಗೆ.

ಮೋಡದ ಹೆಸರುಗಳು ನನಗೆ ಒಂದೇ ಉಸಿರಿಗೆ ಹೇಗೆ ಬಂದವು ಅಂತ ಕೇಳಬಹುದು. ಬಾಯಿಪಾಠ ಮಾಡಿದ್ದಲ್ಲ. ಒಂದು ಕೀಲಿ ಇದೆ. ಇದು ಗೊತ್ತಾದ ದಿನ ನನ್ನ ಪದಬಂಧದ ಬದುಕೇ ಬದಲಾಯಿತು. ನೀರಿಗೆ ಇರುವ ಹೆಸರುಗಳನ್ನು ಮೊದಲು ತೆಗೆದುಕೊಳ್ಳಿ. ಜಲ, ನೀರ, ವಾರಿ, ಅಂಬು, ತೋಯ. ಇವುಗಳ ಮುಂದೆ 'ಜ' ಇಟ್ಟರೆ ಕಮಲ. ಜ ಅಂದರೆ ಹುಟ್ಟಿದ್ದು. ಜಲಜ, ನೀರಜ, ವಾರಿಜ, ಅಂಬುಜ. 'ದ' ಇಟ್ಟರೆ ಮೋಡ. ದ ಅಂದರೆ ಕೊಡುವುದು. 'ಧಿ' ಇಟ್ಟರೆ ಸಮುದ್ರ. ಜಲಧಿ, ವಾರಿಧಿ, ಅಂಬುಧಿ. ಐದು ಪದ ಗೊತ್ತಿದ್ದರೆ ಹದಿನೈದರ ಹತ್ತಿರ ಹತ್ತಿರ ಗೊತ್ತಾದ ಹಾಗೆ. ಎರಡೇ ಮನೆ ಇದ್ದರೆ? ಅಬ್ಜ ಕಮಲ, ಅಬ್ದ ಮೋಡ, ಅಬ್ಧಿ ಸಮುದ್ರ. ಒತ್ತಕ್ಷರ ಮಾತ್ರ ಸರಿಯಾಗಿ ಬರೆಯಬೇಕು. ದ ಮತ್ತು ಧ ಬದಲಾದರೆ ಮೋಡ ಹೋಗಿ ಸಮುದ್ರದ ಕಡೆ ನಡೆದುಬಿಡುತ್ತದೆ.

ಭೂಮಿಯ ಮನೆತನವೂ ಇಂಥದೇ. ಭೂ, ಮಹೀ, ಧರಾ, ಕ್ಷಿತಿ ಇವೆಲ್ಲ ಭೂಮಿ. 'ಪ' ಹಚ್ಚಿದರೆ ರಾಜ: ಭೂಪ, ಮಹೀಪ, ಕ್ಷಿತಿಪ. 'ಧರ' ಹಚ್ಚಿದರೆ ಬೆಟ್ಟ: ಭೂಧರ, ಮಹೀಧರ. 'ರುಹ' ಹಚ್ಚಿದರೆ ಮರ. 'ಸುತೆ' ಹಚ್ಚಿದರೆ ಸೀತೆ. ಇನ್ನು 'ಗ' ಅಂದರೆ ಹೋಗುವುದು. ಆಕಾಶದಲ್ಲಿ ಹೋಗುವ ಹಕ್ಕಿ ಖಗ, ಎದೆಯ ಮೇಲೆ ಹೋಗುವ ಹಾವು ಉರಗ, ಬೇಗ ಹೋಗುವ ಕುದುರೆ ತುರಗ. ದಿನಪತ್ರಿಕೆಯ ಪದಬಂಧದಲ್ಲಿ ವಾರಕ್ಕೆ ಎರಡು ಸಲವಾದರೂ ಈ ಮನೆತನದವರು ಬರುತ್ತಾರೆ. ಮಾತಿನಲ್ಲಿ ಯಾರೂ ಇವತ್ತು ತುರಗ ಅನ್ನುವುದಿಲ್ಲ, ಅದು ಬೇರೆ ಮಾತು. ಕಟ್ಟುವವರಿಗೆ ಸಣ್ಣ ಪದ ಬೇಕು, ಹಾಗಾಗಿ ಇವು ಪದಬಂಧದಲ್ಲಿ ಮಾತ್ರ ಬದುಕಿವೆ.

ಕಟ್ಟುವವರ ಕುಚೋದ್ಯದ ಬಗ್ಗೆಯೂ ಹೇಳಬೇಕು. ಕೋಲಾರದ ಕಡೆಯ ಅ.ನಾ. ಪ್ರಹ್ಲಾದರಾವ್ ಸಾವಿರಾರು ಕನ್ನಡ ಪದಬಂಧ ಕಟ್ಟಿ ಲಿಮ್ಕಾ ದಾಖಲೆ ಪುಸ್ತಕ ಸೇರಿದವರು. ಅಷ್ಟು ಕಟ್ಟುವಾಗ ಬರೀ ಸಮಾನ ಅರ್ಥ ಕೊಟ್ಟುಕೊಂಡು ಹೋದರೆ ಯಾರಿಗಾದರೂ ಬೇಜಾರಾಗುತ್ತದೆ. ಹಾಗಾಗಿ ಸುಳಿವಿನಲ್ಲಿ ಆಟ ಬರುತ್ತದೆ. ನಾನೂ ಈ ಆಟ ಆಡಿದವನೇ. 'ತಲೆಕೆಳಗಾದ ಮಂಗ ಹಾಡುತ್ತದೆ (2)' ಅಂತ ಒಂದು ಸಲ ಕೊಟ್ಟಿದ್ದೆ. ಮಂಗ ಅಂದರೆ ಕಪಿ. ತಿರುಗಿಸಿದರೆ ಪಿಕ, ಅಂದರೆ ಕೋಗಿಲೆ. 'ಹೊಸದು ತಿರುಗಿದರೆ ಕಾಡು (2)' ಅಂದರೆ ನವ ಹೋಗಿ ವನ. 'ಹೇಗೆ ತಿರುಗಿಸಿದರೂ ಕಮಲ (3)' ಅಂತ ಕೇಳಿದರೆ ಕಮಲದ ಹತ್ತು ಹೆಸರು ನೆನಪು ಮಾಡಿಕೊಳ್ಳಬೇಕಿಲ್ಲ, ಜಲಜ ಒಂದೇ ತಿರುಗಿಸಿದರೂ ಅದೇ. 'ವಿಜಯಪುರದೊಳಗೆ ಅಡಗಿದ ಗೆಲುವು (2)' ಅಂದರೆ ಜಯ. ಅದೇ ಸುಳಿವಿಗೆ 3 ಅಂತಿದ್ದರೆ ವಿಜಯ. 'ಆನೆಗೆ ರತ್ನ ತೊಡಿಸಿದರೆ ತಾಳಿಯ ಪಕ್ಕ (4)' ಅಂದರೆ ಕರಿ ಮತ್ತು ಮಣಿ ಕೂಡಿ ಕರಿಮಣಿ.

ಇಂಥ ಸುಳಿವನ್ನು ಗುರುತಿಸುವುದು ಹೇಗೆ? ತಿರುಗು, ಕೆಳಗೆ ಮೇಲೆ, ಅಡಗು, ಚದುರು, ಒಳಗೆ, ಕೂಡಿದರೆ ಎಂಬ ಮಾತು ಸುಳಿವಿನಲ್ಲಿ ಸುಮ್ನೆ ಬಂದಿರುವುದಿಲ್ಲ. ಓದಿದಾಗ ಅರ್ಥವೇ ಆಗದ, ಹುಚ್ಚುಚ್ಚು ಸುಳಿವು ಕಂಡರೆ ಅದು ಆಟದ ಸುಳಿವು. ಮಂಗ ಹಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಒಗಟು ಬಿಡಿಸಿ ಬೆಳೆದ ನಿಮ್ಮ ಮಾವನವರಿಗೆ ಇದು ಬಹಳ ಸುಲಭ ಆಗುತ್ತದೆ.

ಸುಳಿವಿನ ಬಾಲವನ್ನೂ ನೋಡಬೇಕು. 'ಹೊಡೆದನು' ಅಂತಿದ್ದರೆ ಉತ್ತರದ ಕೊನೆಯ ಮನೆಯಲ್ಲಿ ನು ಬರುವ ಸಂಭವ ಜಾಸ್ತಿ. 'ಮರಗಳು' ಅಂತಿದ್ದರೆ ಕೊನೆಯ ಎರಡು ಮನೆ ಗ ಮತ್ತು ಳು ಇರಬಹುದು. 'ಹೆಂಗಸರು' ಅಂದರೆ ರು. ಪದ ಗೊತ್ತಾಗುವ ಮೊದಲೇ ಇವನ್ನು ಸಣ್ಣದಾಗಿ ಗುರುತು ಮಾಡಿಕೊಳ್ಳಿ.

ಇನ್ನು ನಮ್ಮ ಕಡೆಯವರಿಗೇ ಇರುವ ಒಂದು ತಾಪತ್ರಯ. ಬಹಳಷ್ಟು ಪದಬಂಧ ಕಟ್ಟುವವರು ಬೆಂಗಳೂರು, ಮೈಸೂರು ಕಡೆಯವರು. ಅವರ ಮನೆಯ ಮಾತು ಪದಬಂಧದಲ್ಲಿ ಬರುತ್ತದೆ. 'ಕಸ ಗುಡಿಸುವ ಸಾಧನ (3)' ಅಂತ ಕೇಳುತ್ತಾರೆ. ನಮಗೆ ಕಸಬರಿಗೆ ಅಂತ ಐದಕ್ಷರ ಬಾಯಿಗೆ ಬರುತ್ತದೆ. ಅವರಿಗೆ ಬೇಕಾದ್ದು ಪೊರಕೆ. ನಮ್ಮ ಪೇರಲ ಅವರಿಗೆ ಸೀಬೆ. ನಮ್ಮ ಪಪ್ಪಾಯಿ ಅವರಿಗೆ ಪರಂಗಿ. ಶೇಂಗಾ ಅಲ್ಲಿ ಕಡಲೆಕಾಯಿ, ಉಳ್ಳಾಗಡ್ಡಿ ಅಲ್ಲಿ ಈರುಳ್ಳಿ. ಬಟಾಟಿ ಅಂತೂ ಬೆಳಗಾವಿಯವರ ಬಾಯಲ್ಲಿ ಎಷ್ಟು ಗಟ್ಟಿ ಅಂದರೆ ಆಲೂಗಡ್ಡೆ ನೆನಪಾಗಲು ಎರಡು ನಿಮಿಷ ಬೇಕು. ಒಂದು ಸಣ್ಣ ವಹಿ ಇಟ್ಟುಕೊಳ್ಳಿ. ಇಂಥ ಪದ ಸಿಕ್ಕಾಗಲೆಲ್ಲ ಎಡಕ್ಕೆ ನಮ್ಮದು, ಬಲಕ್ಕೆ ಅವರದು ಬರೆಯಿರಿ. ಮೂರು ತಿಂಗಳಲ್ಲಿ ಸಾಕಷ್ಟು ಕೂಡುತ್ತವೆ. ನನ್ನ ವಹಿ ಈಗ ಮೂರನೆಯದು.

ನಾನು ಕಟ್ಟುವಾಗ ಸ್ವಲ್ಪ ಸೇಡು ತೀರಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. 'ಕಾರಹುಣ್ಣಿಮೆಗೆ ಹರಿಯುವುದು (2)' ಅಂತ ಕೇಳಿದೆ. ಎತ್ತು ಓಡಿಸಿ ಕರಿ, ಅಂದರೆ ಅಡ್ಡ ಕಟ್ಟಿದ ತೋರಣ, ಹರಿಯುವುದನ್ನು ನೋಡಿದವರು ಥಟ್ಟನೆ ಬರೆದರು. ಕರಿ ಅಂದರೆ ಬರೀ ಆನೆ, ಕಪ್ಪು ಅಂದುಕೊಂಡವರು ಹೊಳೆಯ ಹೆಸರು ಹುಡುಕಿದರು. ಹರಿಯುವುದು ಅಂದರೆ ನೀರು ಹರಿಯುವುದೂ ಹೌದು, ಕಡಿದು ಹೋಗುವುದೂ ಹೌದು. ಒಂದು ಪದಕ್ಕೆ ಎರಡು ಅರ್ಥ ಇದ್ದರೆ ಕಟ್ಟುವವರು ನಿಮ್ಮನ್ನು ಬೇಕಂತಲೇ ಮೊದಲ ಅರ್ಥದ ಕಡೆಗೆ ತಳ್ಳುತ್ತಾರೆ.

ಊರು ಮತ್ತು ಹೊಳೆಗಳಲ್ಲಿ ನಮಗೆ ಲಾಭ ಇದೆ. 'ಬೆಳಗಾವಿ ಜಿಲ್ಲೆಯ ನದಿ (4)' ಅಂದರೆ ಘಟಪ್ರಭಾ, ಮಲಪ್ರಭಾ ಎರಡೂ ಸೈ. ನಡುವೆ ಪ್ರ ಸಿಕ್ಕರೂ ತೀರ್ಮಾನ ಆಗದು, ಮೊದಲೆರಡು ಮನೆಯಲ್ಲಿ ಒಂದಾದರೂ ಬೇಕು. ಕೊನೆಯ ಅಕ್ಷರವನ್ನು ಕೆಲವರು ಭಾ ಅಂತಲೂ ಕೆಲವರು ಭೆ ಅಂತಲೂ ಕಟ್ಟುತ್ತಾರೆ, ಅದನ್ನು ಕೂಡುವ ಪದ ಹೇಳಲಿ. ಹಳೆಯ ಪದಬಂಧ ಪುಸ್ತಕ ಸಿಕ್ಕರೆ ಎಚ್ಚರ. ಗೋಳಗುಮ್ಮಟದ ಊರು ಅಲ್ಲಿ ನಾಲ್ಕಕ್ಷರದ ಬಿಜಾಪುರ. 2014ರ ನವೆಂಬರ್ 1ರಿಂದ ಅದು ಐದಕ್ಷರದ ವಿಜಯಪುರ.

ಪೂರ್ತಿ ಸಿಕ್ಕಿಹಾಕಿಕೊಂಡಾಗ ಏನು ಮಾಡಬೇಕು? ಖಾಲಿ ಮನೆ ನೋಡುತ್ತಾ ಕೂರಬೇಡಿ. ತುಂಬಿದ ಮನೆಯ ಮೇಲೆ ಸಂಶಯ ಪಡಿ. ಒಂದು ಸಲ ಬಾಗಲಕೋಟೆಯಿಂದ ಸೊಲ್ಲಾಪುರಕ್ಕೆ ರೈಲಿನಲ್ಲಿ ಹೊರಟಿದ್ದೆ. 'ಬೆಂಕಿ (3)' ಅಂತ ಸುಳಿವು. ಅನಿಲ ಅಂತ ಪೆನ್ನಿನಲ್ಲಿ ಬರೆದೆ. ಅನಿಲ ಅಂದರೆ ಗಾಳಿ, ಬೆಂಕಿ ಅಂದರೆ ಅನಲ. ಗೊತ್ತಿಲ್ಲದೆ ಅಲ್ಲ, ಅವಸರ. ನಡುವಿನ ಮನೆಯಿಂದ ಒಂದು ಪದ ಕೆಳಗೆ ಇಳಿಯುತ್ತಿತ್ತು, 'ಪಟ್ಟಣ (3)'. ನಿ ಇಂದ ಶುರುವಾಗುವ ಪಟ್ಟಣ ಎಲ್ಲಿಂದ ತರಲಿ? ಹೊಂದಿಸಿ ಹೊಂದಿಸಿ ನಿಗಮ ಅಂತ ತುರುಕಿದೆ. ಅದರ ಮ ಇನ್ನೊಂದು ಪದ ಕೆಡಿಸಿತು, ಅದು ಮತ್ತೊಂದನ್ನು. ವಿಜಯಪುರ ದಾಟಿತು, ಇಂಡಿ ದಾಟಿತು, ಎಡಗಡೆಯ ಅರ್ಧ ಭಾಗ ಹಾಳು. ಎದುರಿಗೆ ಕೂತಿದ್ದ ಹುಡುಗಿ, ಹತ್ತನೇ ಕ್ಲಾಸಿನವಳಿರಬೇಕು, ಬಗ್ಗಿ ನೋಡಿ 'ಅಜ್ಜಾರ, ಅದು ನಗರ ಅಲ್ರೀ?' ಅಂದಳು. ನನ್ನ ಮನೆ ಇರುವುದು ಬಾಗಲಕೋಟೆಯ ನವನಗರದಲ್ಲಿ. ದಿನಾ ವಿಳಾಸದಲ್ಲಿ ಬರೆಯುವ ಪದ ಹೊಳೆಯಲಿಲ್ಲ. ಅಂದಿನಿಂದ ಪೆನ್ನು ಮುಟ್ಟಿಲ್ಲ.

ಅಪರೂಪಕ್ಕೆ ತಪ್ಪು ಪತ್ರಿಕೆಯದೂ ಇರುತ್ತದೆ. ನಾನು ಕಟ್ಟಿದ ಒಂದರಲ್ಲಿ ಅಚ್ಚಾಗುವಾಗ ಒಂದು ಕಪ್ಪು ಮನೆ ಬಿಟ್ಟುಹೋಯಿತು. ಆಲಮಟ್ಟಿಗೆ ನಾಲ್ಕರ ಬದಲು ಐದು ಮನೆ. ಒಬ್ಬ ಓದುಗರು ಬಿಡದೆ 'ಆಲಮಟ್ಟಿಯು' ಅಂತ ತುಂಬಿ ಕಳಿಸಿದ್ದರು. ನಾನು ಅದನ್ನೂ ಸರಿ ಅಂತ ಒಪ್ಪಿಕೊಂಡೆ.

ಮೊಬೈಲ್ ಮೋಸವೇ ಅಂತ ಕೇಳಿದಿರಿ. ಸುಳಿವನ್ನೇ ಟೈಪ್ ಮಾಡಿ ಉತ್ತರ ನೋಡಿ ಬರೆದರೆ ನಾನು ಮಾವನವರ ಕಡೆಗೇ ನಿಲ್ಲುತ್ತೇನೆ. ಆದರೆ ಪದ ತುಂಬಿದ ಮೇಲೆ, ಅದು ಹೌದೋ ಅಲ್ಲವೋ ಅಂತ ನಿಘಂಟು ನೋಡುವುದು ಮೋಸ ಅಲ್ಲ. ನಾನು ದಿನಾ ನೋಡುತ್ತೇನೆ. 1894ರಲ್ಲಿ ಬಂದ ಕಿಟೆಲ್ ನಿಘಂಟೂ ಈಗ ಮೊಬೈಲಿನಲ್ಲೇ ಸಿಗುತ್ತದೆ. ನಿಘಂಟು ಮೊದಲ ಅಕ್ಷರ ಗೊತ್ತಿದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಆ ಮೊದಲ ಅಕ್ಷರವನ್ನು ಕೂಡುವ ಪದದಿಂದ ನೀವೇ ಗೆದ್ದಿರಬೇಕು. ಅಷ್ಟು ಮಾಡಿದ ಮೇಲೆ ಮೋಸ ಅನ್ನುವ ಹಕ್ಕು ಯಾರಿಗೂ ಇಲ್ಲ, ಮಾವನವರಿಗೂ. ಇದನ್ನು ನಾನೇ ಹೇಳಿದೆ ಅಂತ ಹೇಳಿ.

ಇನ್ನು ಅವರಿಗೆ ಓದಿ ಹೇಳುವ ವಿಷಯ. ಕಣ್ಣಿನ ಡಾಕ್ಟರಿಗೆ ತೋರಿಸಿರುತ್ತೀರಿ ಅಂದುಕೊಂಡಿದ್ದೇನೆ. ಪೊರೆ ಬಂದಿದ್ದರೆ ಆಪರೇಶನ್ ಈಗ ದೊಡ್ಡ ಮಾತಲ್ಲ. ಅಲ್ಲಿಯವರೆಗೆ ಹಳೆಯ ಕ್ಯಾಲೆಂಡರಿನ ಹಿಂಬದಿ ಉಪಯೋಗಿಸಿ. ಪದಬಂಧದ ಮನೆಗಳನ್ನು ಅಂಗೈ ಅಗಲಕ್ಕೆ ಬರೆದು, ಸಿಕ್ಕ ಅಕ್ಷರವನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ ತುಂಬಿ. ಅಷ್ಟು ದೊಡ್ಡದು ಅವರಿಗೆ ಕಾಣಬಹುದು. ಪೆನ್ಸಿಲ್ ನಿಯಮ ಪೇಪರಿನ ಮೇಲೆ, ಕ್ಯಾಲೆಂಡರಿಗೆ ಗಟ್ಟಿಯಾದದ್ದು ಮಾತ್ರ.

ಓದುವಾಗ ಒಂದು ಕ್ರಮ ಇರಲಿ. ಮೊದಲು ಸುಳಿವು, ಆಮೇಲೆ ಎಷ್ಟು ಅಕ್ಷರ, ಆಮೇಲೆ ಸಿಕ್ಕ ಅಕ್ಷರ. 'ಸಮುದ್ರ, ಮೂರಕ್ಷರ, ಕೊನೆಗೆ ಧಿ' ಅಂತ. ಗುಣಿತವನ್ನು ಅವರ ಶಾಲೆಯ ಮಾತಿನಲ್ಲೇ ಹೇಳಿ. ಅವರ ಕಾಲದವರು ತಲೆಕಟ್ಟು, ಇಳಿ, ಗುಡಿಸು, ಕೊಂಬು ಅಂತ ಕಲಿತವರು. 'ಲಕಾರಕ್ಕೆ ಗುಡಿಸು' ಅಂದರೆ ಲಿ ಅವರ ಕಣ್ಣ ಮುಂದೆ ಬಂದು ನಿಲ್ಲುತ್ತದೆ, ಪೇಪರ್ ಬೇಕಿಲ್ಲ. ಕಿವಿಯಲ್ಲಿ ದ ಮತ್ತು ಧ ಒಂದೇ ಆಗಿ ಕೇಳಬಹುದು. ಆಗ 'ದನದ ದ', 'ಧನುಸ್ಸಿನ ಧ' ಅನ್ನಿ. ಒಂದು ಅಕ್ಷರದ ವ್ಯಂಜನ ಮಾತ್ರ ಗೊತ್ತಿದ್ದು ಗುಣಿತ ಗೊತ್ತಿಲ್ಲದಿದ್ದರೆ ಇಬ್ಬರೂ ಕೂಡಿ ಲ ಲಾ ಲಿ ಲೀ ಅಂತ ಗಟ್ಟಿಯಾಗಿ ಹೇಳುತ್ತಾ ಹೋಗಿ. ಎಲ್ಲೋ ಒಂದು ಕಡೆ ಪದ ತಾನಾಗಿ ಬಾಯಿಗೆ ಬರುತ್ತದೆ. ನನಗೆ ಅಡುಗೆಮನೆಯಿಂದ ಉತ್ತರ ಬಂದಿರುವುದೂ ಉಂಟು.

ಅವರು ಉತ್ತರ ಹೇಳಿದ ಕೂಡಲೇ ಬರೆದು ಮುಂದೆ ಓಡಬೇಡಿ. ಯಾಕೆ ಅದು ಅಂತ ಕೇಳಿ. 20 ನಿಮಿಷದ್ದು 40 ನಿಮಿಷ ಆಗುತ್ತದೆ, ಆಗಲಿ. ಎರಡು ಚಹಾ ಮಾಡಿ.

ಕೊನೆಗೆ ಮಾವನವರಿಗೆ ನನ್ನಿಂದ ಒಂದು ಸುಳಿವು. ಉತ್ತರ ನಾನು ಹೇಳುವುದಿಲ್ಲ. 'ಕೈಯಲ್ಲಿ ಜೋಳದ ಕಾಂಡ ಹಿಡಿದರೆ ಬಾಯೆಲ್ಲ ಸಿಹಿ (4)'. ಬರದಿದ್ದರೆ ಇಷ್ಟು ಹೇಳಿ, ಗೋಕಾಕದವರು ನಮ್ಮದೇ ಚಲೋ ಅನ್ನುತ್ತಾರೆ, ಅಮೀನಗಡದವರು ಒಪ್ಪುವುದಿಲ್ಲ.